ಹಳೇ ಸೀರೆಯ ಹಾಸು

ನಾನು ಕೊಡುವ ಉಡುಗೊರೆಗಳಿಗೆ ಖರ್ಚಿಲ್ಲ, ಆದರೆ ಈವರೆಗೆ ಯಾರೂ ಅವನ್ನು ಮೂಲೆಗೆ ಎಸೆದದ್ದಿಲ್ಲ. ಇದು ನನ್ನ ಜಂಬ, ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಬಣ್ಣದ ಕಾಗದ ಸುತ್ತಿಸಿ ತಂದುಕೊಡುವುದು ಯಾರಿಗೂ ಬರುತ್ತದೆ. ಒಬ್ಬರ ಮನೆಗೆ ಹೋದಾಗ ಕಣ್ಣು ಬಿಟ್ಟು ನೋಡಿಕೊಂಡು ಬರಬೇಕು, ಅಲ್ಲಿ ಏನು ಇಲ್ಲ ಎಂದು. ನನ್ನಲ್ಲಿ ಬೆಕ್ಕು ಬಿಟ್ಟುಹೋಗುವ ಬೈಂದೂರಿನ ಯಜಮಾನರು ಒಂಟಿ ಮನುಷ್ಯ, ದಿನಕ್ಕೆ ನಾಲ್ಕು ಸಲ ಕನ್ನಡಕ ಹುಡುಕುತ್ತಾರೆ. ಅವರಿಗೆ ಕುತ್ತಿಗೆಗೆ ನೇತುಹಾಕಿಕೊಳ್ಳುವ ಕನ್ನಡಕದ ಚೀಲ ಹೊಲಿದೆ, ಅದೂ ಅವರ ಬೆಕ್ಕಿನದೇ ಬಣ್ಣದ ಬಟ್ಟೆಯಲ್ಲಿ. ಕುಂದಾಪುರದಿಂದ ಎರಡು ನಾಯಿ ತಂದು ಬಿಡುವ ಹೆಂಗಸಿನ ಸ್ಕೂಟರಿನ ಸೀಟು ಬಿಸಿಲಿಗೆ ಕಾದು ಹೆಂಚಾಗುತ್ತಿತ್ತು. ಅವರಿಗೆ ಸೀಟಿನ ಕವರು. ಎದುರುಮನೆಯ ಅಜ್ಜಿಗೆ ಬಾವಿಹಗ್ಗ ಎಳೆಯುವಾಗ ಅಂಗೈ ಉರಿಯುತ್ತದೆಂದು ದಪ್ಪ ಬಟ್ಟೆಯ ಕೈಗವಸು. ಎಲ್ಲವೂ ರವಿಕೆ ಹೊಲಿದು ಉಳಿದ ತುಂಡುಗಳಿಂದ ಆದದ್ದು.

ಕೋಟದಲ್ಲಿ ಬಸ್ಸಿಳಿದು ಒಳಗೆ ಸ್ವಲ್ಪ ನಡೆದರೆ ನಮ್ಮ ಮನೆ. ಮನೆಯವರು ದೇವಸ್ಥಾನದ ಕೆಲಸಕ್ಕೆ ಹೋಗುತ್ತಾರೆ. ನಾನು ರವಿಕೆ ಹೊಲಿಯುತ್ತೇನೆ, ಜೊತೆಗೆ ಪರವೂರಿಗೆ ಹೋಗುವವರ ನಾಯಿ ಬೆಕ್ಕುಗಳನ್ನು ನೋಡಿಕೊಳ್ಳುತ್ತೇನೆ. ಈ ಕೆಲಸಕ್ಕೆ ನಮ್ಮ ಕಡೆ ಹೆಸರಿಲ್ಲ. 'ನಾಯಿ ಬಿಡುವ ಮನೆ' ಎಂದರೆ ರಿಕ್ಷಾದವರು ನೇರ ಕರೆತರುತ್ತಾರೆ.

ಪ್ರಾಣಿಯನ್ನು ಹಿಂದಕ್ಕೆ ಕಳಿಸುವುದಕ್ಕೆ ನನ್ನದೇ ಒಂದು ಕ್ರಮವಿದೆ. ಅದು ಬಂದ ದಿನವೇ ನನ್ನ ಹಳೇ ನೂಲಿನ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ, ಅಂಚು ಹೊಲಿದು, ಜಗಲಿಯ ಮೂಲೆಯಲ್ಲಿ ಹಾಸುತ್ತೇನೆ. ಮಲಗಿ ಮಲಗಿ ಅದರಲ್ಲಿ ನಮ್ಮ ಮನೆಯ ವಾಸನೆ ಕೂರುತ್ತದೆ. ಹೋಗುವ ದಿನ ಒಗೆಯದೆ ಹಾಗೇ ಕಟ್ಟಿ ಯಜಮಾನರ ಕೈಗೆ ಕೊಡುತ್ತೇನೆ. ಮನೆ ಬದಲಾಯಿತೆಂದು ಪ್ರಾಣಿ ಬೇಜಾರು ಮಾಡಿಕೊಳ್ಳಬಾರದಲ್ಲ. ಈ ಹಾಸಿನಿಂದಲೇ ನನಗೆ ಹೆಸರು ಬಂದದ್ದು.

ಇಷ್ಟೆಲ್ಲ ನೋಡುವ ಕಣ್ಣಿದ್ದವಳಿಗೆ ಒಬ್ಬಳಿಗೆ ಮಾತ್ರ ಏನು ಕೊಡಬೇಕೆಂದು ಮೂರು ವರ್ಷ ತಿಳಿಯಲಿಲ್ಲ. ಅವಳು ಪಕ್ಕದ ಮನೆಯವಳು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಗಂಡನದು ಮುಂಬೈಯಲ್ಲಿ ಹೋಟೆಲು, ಇವಳು ಊರಲ್ಲಿ ಗದ್ದೆ ಮನೆ ನೋಡಿಕೊಂಡಿದ್ದಾಳೆ. ನನ್ನ ಕಾಲು ಉಳುಕಿದಾಗ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದವಳು ಅವಳೇ. ನಮ್ಮ ಪಂಪು ಕೆಟ್ಟಾಗ ಬೇಲಿಯ ಮೇಲಿನಿಂದ ಪೈಪು ಹಾಕಿ ವಾರಗಟ್ಟಲೆ ನೀರು ಬಿಟ್ಟವಳೂ ಅವಳೇ. ಇಷ್ಟಕ್ಕೂ ನಾನು ಕೊಟ್ಟದ್ದು ವರ್ಷಕ್ಕೊಂದು ಕಟ್ಟು ಹಲಸಿನ ಹಪ್ಪಳ. ಅವಳ ಮನೆಯಲ್ಲಿ ಏನು ಇಲ್ಲ ಎಂದು ನೋಡಲು ಹೋದರೆ ಇರುವುದೇ ಕಣ್ಣಿಗೆ ರಾಚುತ್ತಿತ್ತು. ಪೋಸ್ಟಿನವರು ಮೊದಲು ಅವಳ ಜಗಲಿಯಲ್ಲಿ ಕೂತು ನೀರು ಕುಡಿದು ಆಮೇಲೆ ನಮ್ಮಲ್ಲಿಗೆ ಬರುತ್ತಾರೆ. ಎದುರುಮನೆಯ ಅಜ್ಜಿ, ನನ್ನ ಕೈಗವಸು ತೊಟ್ಟುಕೊಂಡೇ ಅವಳ ಮನೆಗೆ ಹರಟೆಗೆ ಹೋಗುತ್ತಾಳೆ. ಅವಳು ನಕ್ಕರೆ ನಾಲ್ಕು ಮನೆಗೆ ಕೇಳುತ್ತದೆ, ಕೇಳಿದವರಿಗೂ ನಗು ಬರುತ್ತದೆ. ನನಗೆ ಹೊಟ್ಟೆಕಿಚ್ಚಿತ್ತು. ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ಆದರೆ ಪ್ರಾಣಿಗಳ ವಿಷಯದಲ್ಲಿ ನಾನೇ ಮೇಲು ಎಂದು ಒಂದು ಸಮಾಧಾನ ಇತ್ತು. ಬ್ರಹ್ಮಾವರದ ಕಂದು ನಾಯಿ ಬರುವವರೆಗೆ ಇತ್ತು.

ಅದರ ಯಜಮಾನಿ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮುಂಬೈಯಲ್ಲಿ ಮಗಳ ಬಾಣಂತನಕ್ಕೆಂದು ಮೂರು ತಿಂಗಳಿಗೆ ಬಿಟ್ಟುಹೋದರು. ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ಇಲ್ಲಿಗೆ ಬಂದ ನಾಯಿ ಹದಿನೈದು ದಿನದಲ್ಲಿ ಮೊಸರನ್ನಕ್ಕೆ ಒಗ್ಗುತ್ತದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದವಳು. ಇದು ಮೊದಲ ವಾರ ಮೂಸಲೇ ಇಲ್ಲ. ಸೀರೆಯ ಹಾಸಿನ ಮೇಲೂ ಕಾಲಿಡಲಿಲ್ಲ, ನೆಲದಲ್ಲೇ ಮುದುಡಿಕೊಂಡಿತು. ಎರಡನೇ ವಾರದಿಂದ ಬಟ್ಟಲು ಖಾಲಿಯಾಗತೊಡಗಿತು. ತಿಂಗಳು ಕಳೆಯುವಷ್ಟರಲ್ಲಿ ಮೈ ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ. ನಾನು ಫೋಟೋ ತೆಗೆದು ಮುಂಬೈಗೆ ಕಳಿಸಿದ್ದೇ ಕಳಿಸಿದ್ದು.

ನಮ್ಮ ಬೀದಿಗೆ ಬೆಳಿಗ್ಗೆ ಹತ್ತು ಗಂಟೆಗೆ ಮೀನಿನ ಸ್ಕೂಟರು ಬರುತ್ತದೆ. ಒಂದು ದಿನ ಅದರ ಹಾರ್ನ್ ಕೇಳಿ ನಾಯಿಯ ಕಿವಿ ನಿಮಿರಿತು. ಎದ್ದು ಬಾಲ ಅಲ್ಲಾಡಿಸುತ್ತ, ಬೇಲಿಯಲ್ಲಿದ್ದ ಕಂಡಿಯಿಂದ ನುಸುಳಿ ಪಕ್ಕದ ಮನೆಯ ಹಿತ್ತಲಿಗೆ ಹೋಯಿತು. ನಾನು ಮಿಷನ್ನು ಬಿಟ್ಟು ಹಿಂದೆಯೇ ಹೋದೆ. ಅವಳು ಮೆಟ್ಟಿಲ ಮೇಲೆ ಕೂತು ಹಿಂದಿನ ದಿನ ಬೇಯಿಸಿಟ್ಟ ಬೂತಾಯಿ ಮೀನಿನ ತಲೆಗಳ ಮುಳ್ಳು ತೆಗೆದು, ಅನ್ನಕ್ಕೆ ಕಲಸಿ, ಕೈತುತ್ತು ಹಾಕುತ್ತಿದ್ದಳು. ಹೊಟ್ಟೆ ತುಂಬಿದ ಮೇಲೆ ನಾಯಿ ಅಲ್ಲೇ ಹಾಸಿದ್ದ ಅವಳ ಹಳೇ ನೈಟಿಯ ಮೇಲೆ ಅಂಗಾತ ಬಿತ್ತು. ನನ್ನ ಮುಂದೆ ಅದು ಒಮ್ಮೆಯೂ ಅಂಗಾತ ಮಲಗಿರಲಿಲ್ಲ.

"ಹ್ವಾಯ್ ಅಕ್ಕ, ಬನ್ನಿ," ಎಂದಳು ಅವಳು, ಏನೂ ಆಗಿಲ್ಲ ಎನ್ನುವ ಹಾಗೆ. "ಇದ್ ಮೊದಲ್ನೇ ವಾರ ಉಪಾಸ ಬಿದ್ದಿತ್ತ್ ಅಲ್ದಾ, ಕಾಂಬುಕಾಯ್ಲಿಲ್ಲೆ. ನಿಮ್ಗೆ ಹೇಳುವಾ ಅಂದ್ರೆ ನಿಮ್ಗೆ ಮೀನ್ ಅಂದ್ರೆ ಆತಿಲ್ಲೆ."

"ನಾಳಿಂದ ಹಾಕ್ಬ್ಯಾಡ," ಎಂದೆ. "ಅದ್ ನಮ್ಮನಿಗೆ ಬಿಟ್ಟ ನಾಯಿ."

"ಆಯ್ತ್ ಅಕ್ಕ," ಎಂದಳು. ಅಷ್ಟೇ. ಜಗಳಕ್ಕಾದರೂ ನಿಂತಿದ್ದರೆ ನನಗೆ ಹಗುರವಾಗುತ್ತಿತ್ತು.

ಕಂಡಿಗೆ ತೆಂಗಿನ ಗರಿ ಅಡ್ಡ ಕಟ್ಟಿದೆ. ನಾಯಿ ಗರಿಯ ಮುಂದೆ ಕೂತಿತು. ಎರಡು ದಿನ ಕೂತಿತು. ನಾನು ಇಟ್ಟ ಮೊಸರನ್ನವನ್ನು ಕಾಗೆಗಳು ನನ್ನೆದುರೇ ತಿಂದವು, ಆಗ ತಿಳಿಯಿತು ಎರಡನೇ ವಾರದಿಂದ ಬಟ್ಟಲು ಹೇಗೆ ಖಾಲಿಯಾಗುತ್ತಿತ್ತೆಂದು. ಮೂರನೇ ದಿನ ನಾನೇ ಹೋಗಿ ಗರಿಯನ್ನು ಬಿಚ್ಚಿ, ಗಾಳಿಗೆ ಬಿದ್ದ ಹಾಗೆ ಪಕ್ಕಕ್ಕೆ ಬಿಸಾಡಿ ಬಂದೆ. ಆಮೇಲೆ ದಿನಾ ಹತ್ತು ಗಂಟೆಗೆ ನಾನು ತಲೆ ಎತ್ತದೆ ಮಿಷನ್ನು ತುಳಿಯುತ್ತಿದ್ದೆ. ಆ ಎರಡು ತಿಂಗಳು ಹೊಲಿದ ರವಿಕೆಗಳ ಹೊಲಿಗೆ ಬಿಚ್ಚಬೇಕಾದರೆ ಬ್ಲೇಡೇ ಬೇಕು, ಅಷ್ಟು ಸಿಟ್ಟು ಅದರೊಳಗಿದೆ.

ಯಜಮಾನಿ ಮುಂಬೈಯಿಂದ ಬಂದರು. ನಾಯಿಯನ್ನು ನೋಡಿ ಬೆರಗಾದರು. "ಎಷ್ಟು ಚಂದ ಆಗಿದೆ ಮಾರಾಯ್ರೆ. ಎಂತ ಹಾಕ್ತಿದ್ರಿ?"

ಪಕ್ಕದ ಮನೆಯವಳು ಬೇಲಿಯ ಆಚೆ ಬಟ್ಟೆ ಹರಡುತ್ತಿದ್ದಳು. ಕೇಳುವಷ್ಟು ಹತ್ತಿರ. ನನ್ನ ಬಾಯಿ ಹೇಳಿತು: "ಮೊಸರನ್ನ. ಮತ್ತೆಂತ, ಸ್ವಲ್ಪ ಪ್ರೀತಿ."

ಯಜಮಾನಿ ಅವಳ ಕಡೆ ತಿರುಗಿ ನಕ್ಕರು. ಅವಳೂ ನಕ್ಕು, "ಹೌದ್, ಅಕ್ಕ ಭಾರಿ ಲಾಯ್ಕ್ ಕಂಡ್ಕಂತ್ರ್," ಎಂದಳು. ಒದ್ದೆ ಬಟ್ಟೆ ಕೊಡವಿ ಒಳಗೆ ಹೋದಳು. ನಾಯಿ ರಿಕ್ಷಾ ಹತ್ತುವಾಗ ಅವಳು ಹೊರಗೆ ಬರಲಿಲ್ಲ. ನಾಯಿ ಒಂದು ದಿನವೂ ಮಲಗದ ಸೀರೆಯ ಹಾಸನ್ನು ನಾನು ಕಟ್ಟಿ ಕೊಟ್ಟೆ. ಅದರಲ್ಲಿ ನಮ್ಮ ಮನೆಯ ವಾಸನೆ ಇದೆ ಎಂದೂ ಹೇಳಿದೆ, ನಾಚಿಕೆಗೆಟ್ಟು.

ಐದನೇ ದಿನ ಫೋನು ಬಂತು. ನಾಯಿ ಏನೂ ತಿನ್ನುತ್ತಿಲ್ಲ. ಡಾಕ್ಟರು ನೋಡಿ ಕಾಯಿಲೆ ಇಲ್ಲ ಎಂದಿದ್ದಾರೆ. "ಮೊದಲು ತಿನ್ನುತ್ತಿದ್ದ ಪ್ಯಾಕೆಟ್ಟನ್ನೂ ಮುಟ್ಟುದಿಲ್ಲ. ನೀವು ಹೇಳಿದ ಹಾಗೆ ಮೊಸರನ್ನವೇ ಇಡ್ತಿದ್ದೇನೆ," ಎಂದರು. "ನಿಮ್ಮ ಹಾಸಿನ ಮೇಲೂ ಮಲಗುದಿಲ್ಲ. ಗೇಟಿನ ಹತ್ರವೇ ಬಿದ್ದಿರ್ತದೆ. ರಸ್ತೆಯಲ್ಲಿ ಮೀನಿನ ಗಾಡಿ ಹಾರ್ನ್ ಮಾಡಿದ್ರೆ ಮಾತ್ರ ಎದ್ದು ನಿಲ್ತದೆ. ಪಕ್ಕೆ ಎಲುಬು ಕಾಣ್ತದೆ ಈಗ."

ಫೋನಿಟ್ಟು ಕಂಡಿಯ ಕಡೆ ನೋಡಿದೆ. ಬೀದಿ ಸುತ್ತಿ ಮುಂದಿನ ಬಾಗಿಲಿಗೆ ಹೋಗಲು ಮುಖ ಇರಲಿಲ್ಲ. ಸೊಂಟ ಬಗ್ಗಿಸಿ ನಾಯಿಯ ಹಾಗೆ ಕಂಡಿಯಲ್ಲೇ ನುಸುಳಿದೆ.

"ನಾನ್ ಅವತ್ ಸುಳ್ಳ್ ಹೇಳ್ದೆ," ಎಂದೆ ಅವಳಿಗೆ.

"ಗೊತ್ತಿತ್ತ್ ಅಕ್ಕ, ನಾನ್ ಅಲ್ಲೇ ಇದ್ದಿದ್ದೆ ಅಲ್ದಾ."

ನಾಯಿಯ ಸುದ್ದಿ ಹೇಳಿದೆ. ಅವಳ ನಗು ಹೋಯಿತು. ಒಲೆ ಹಚ್ಚಿ ಮೀನಿನ ತಲೆ ಬೇಯಲು ಇಟ್ಟಳು. ಹಿತ್ತಲ ಗೋಡೆಯ ಮೊಳೆಯಿಂದ ಒಂದು ಅಲ್ಯೂಮಿನಿಯಂ ತಟ್ಟೆ ತೆಗೆದಳು. ಅದರ ಪಕ್ಕದ ಮೊಳೆಯಲ್ಲಿ ತುಕ್ಕು ಹಿಡಿದ ಸರಪಳಿ, ಬೆಲ್ಟು. ಅವಳ ನಾಯಿ ಸತ್ತು ಮೂರು ವರ್ಷ ದಾಟಿತ್ತು. ಅವತ್ತು ನಾನೇ ಬಂದು ಸಮಾಧಾನ ಹೇಳಿದ್ದೆ. ಆಮೇಲೆ ಎಷ್ಟು ಸಲ ಈ ಹಿತ್ತಲಿಗೆ ಬಂದಿದ್ದೇನೆ, ಆ ಸರಪಳಿ ನನಗೆ ಕಂಡಿರಲಿಲ್ಲ. ಅವಳ ಮನೆಯಲ್ಲಿ ಏನು ಇಲ್ಲ ಎನ್ನುವುದು ಗೋಡೆಯ ಮೇಲೇ ತೂಗುತ್ತಿತ್ತು.

"ಇನ್ನೊಂದ್ ನಾಯಿ ಸಾಂಕ್ಲಕ್ ಅಲ್ದಾ?" ಎಂದೆ.

"ಇಲ್ಲೆ ಅಕ್ಕ. ಅದ್ ಹೋಪತಿಗೆ ತಡ್ಕಂಬುಕಾತಿಲ್ಲೆ. ಬೇರೆಯವ್ರ ನಾಯಿ ಆರೆ ಹೋಪುದ್ ಮೊದ್ಲೇ ಗೊತ್ತಿರತ್ತ್."

ಅನ್ನ ಕಲಸುವಷ್ಟರಲ್ಲಿ ನಾನು ಅವಳ ಹಳೇ ನೈಟಿಯನ್ನು ಇಸಿದುಕೊಂಡು ಬಂದು ನಾಲ್ಕು ಮಡಿಕೆ ಮಾಡಿ ಅಂಚು ಹೊಲಿದೆ. ನನ್ನ ಸೀರೆಗಿಂತ ಅದು ಚೆನ್ನಾಗಿ ಮಡಚಿ ಬಂತು. ಅದಕ್ಕೂ ಉರಿಯಿತು.

ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ಅವಳು ನನ್ನನ್ನು ಕೂರಿಸಿ, ಹಾಸನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಳು. ಮೀನನ್ನದ ಸ್ಟೀಲ್ ಡಬ್ಬಿ ನನ್ನ ಮಡಿಲಿಗೆ ಬಂತು. ಹುಟ್ಟಿ ಐವತ್ತೆರಡು ವರ್ಷದಲ್ಲಿ ಮೀನನ್ನು ನಾನು ಇಷ್ಟು ಹತ್ತಿರ ಇಟ್ಟುಕೊಂಡಿರಲಿಲ್ಲ. ಸಾಲಿಗ್ರಾಮದಲ್ಲಿ ಡ್ರೈವರು ಹಾಕಿದ ಬ್ರೇಕಿಗೆ ಮುಚ್ಚಳ ಸಡಿಲವಾಗಿ ಬೆಚ್ಚಗಿನ ಮೀನಿನ ನೀರು ಸೀರೆಗೆ ಇಳಿಯಿತು. ಪಕ್ಕದಲ್ಲಿ ಕೂತವರು ನನ್ನ ಮೂಗುಬೊಟ್ಟನ್ನೂ ಡಬ್ಬಿಯನ್ನೂ ಒಂದೊಂದು ಸಲ ನೋಡಿದರು. ಅವಳು ಕಂಬಿ ಹಿಡಿದು ನಗು ನುಂಗುತ್ತಿದ್ದಳು.

ಬ್ರಹ್ಮಾವರದ ಆ ಮನೆಯ ಗೇಟನ್ನು ಬೇಕೆಂದೇ ನಾನು ಮೊದಲು ತೆರೆದೆ. ನಾಯಿ ಎದ್ದು ಬಂತು. ಬಂದು ನನ್ನ ಸೀರೆಯ ಮಡಿಲನ್ನು ಮೂಸಿತು, ಒದ್ದೆಯಾದಲ್ಲಿ ನೆಕ್ಕಿತು. ಒಂದು ಗಳಿಗೆ, ನಿಜಕ್ಕೂ ಒಂದು ಗಳಿಗೆ, ಅದು ನನಗಾಗಿಯೇ ಬಂದದ್ದು ಎಂದುಕೊಂಡೆ. ಆಮೇಲೆ ಅದಕ್ಕೆ ನನ್ನ ಹಿಂದೆ ಇದ್ದವಳು ಕಂಡಳು. ಅದು ಹಾಕಿದ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಅವಳು ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ತುತ್ತು ಕೊಡತೊಡಗಿದಳು. ಅದು ತಿಂದಿತು. ಬೆರಳನ್ನೂ ಬಿಡದೆ ತಿಂದಿತು.

ಯಜಮಾನಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. "ಇವರು ನಿಮ್ಮ ಪಕ್ಕದ ಮನೆಯವರಲ್ವಾ?"

"ಮೂರ್ ತಿಂಗ್ಳ್ ನಿಮ್ಮ ನಾಯಿನ ಸಾಂಕಿದ್ದ್ ಇವ್ಳ್," ಎಂದೆ. "ನಾನಲ್ಲ. ನನ್ ಮೊಸರನ್ನ ಕಾಗಿ ತಿಂದದ್ದ್."

ಅವರು ನಾಯಿಯ ಎಲುಬು ಕಾಣುವ ಪಕ್ಕೆಯನ್ನು ನೋಡಿದರು. ಸಿಟ್ಟಾಗಿದ್ದರೆ ನ್ಯಾಯವೇ. ಕೊನೆಗೆ, "ಮೊಮ್ಮಗುವಿಗೆ ಹೆಸರಿಡುವುದಕ್ಕೆ ನಾನು ಮತ್ತೆ ಮುಂಬೈಗೆ ಹೋಗ್ಬೇಕು," ಎಂದರು. "ಇದನ್ನು ಯಾರ ಮನೆಯಲ್ಲಿ ಬಿಡ್ಲಿ?"

ಅವಳ ಕೈ ತುತ್ತಿನ ಜೊತೆ ಅರ್ಧದಲ್ಲಿ ನಿಂತಿತು. ತಲೆ ಎತ್ತಲಿಲ್ಲ. ನಾನು 'ನಮ್ಮಲ್ಲೇ' ಎಂದಿದ್ದರೂ ಅವಳು 'ಆಯ್ತ್ ಅಕ್ಕ' ಎನ್ನುತ್ತಿದ್ದಳು, ನನಗೆ ಗೊತ್ತು. ಆ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಾಯಿಯನ್ನು ನೋಡಿದೆ. ಅದು ನಿಂತುಹೋದ ಕೈಯನ್ನು ಮೂತಿಯಿಂದ ತಿವಿಯುತ್ತಿತ್ತು.

"ಅವ್ಳ ಮನಿಯಂಗೆ ಬಿಡಿ," ಎಂದೆ.

ಅವಳು ಖಾಲಿ ಡಬ್ಬಿ ಹಿಡಿದು ಹೊರಗಿನ ನಲ್ಲಿಗೆ ಹೋಗಿ ತೊಳೆದಳು, ತೊಳೆದ ಡಬ್ಬಿಯನ್ನೇ ಇನ್ನೊಂದು ಸಲ ತೊಳೆದಳು. ಹೊರಡುವಾಗ ನಾಯಿ ನೈಟಿಯ ಹಾಸಿನ ಮೇಲೆ ಅಂಗಾತ ಬಿದ್ದುಕೊಂಡಿತ್ತು. ಈ ಕ್ರಮ ನಾನು ಶುರು ಮಾಡಿದ್ದು ಎಂದು ಯಜಮಾನಿಗೆ ಇನ್ನೊಮ್ಮೆ ನೆನಪಿಸಬೇಕೆಂದು ಅನ್ನಿಸಿತು, ಬಾಯಿ ಮುಚ್ಚಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಕೋಟ ಹತ್ತಿರ ಬಂದ ಮೇಲೆ ಅವಳು ಮೆಲ್ಲಗೆ, "ಅಕ್ಕ, ಸೀರಿ ಬಿಚ್ಚಿ ನಂಗೆ ಕೊಡಿ, ಒಗ್ದ್ ಕೊಡ್ತೆ. ನಿಮ್ಮನಿಯವ್ರ್ ಮೂಗ್ ಮುಚ್ಕಂತ್ರ್," ಎಂದಳು.

"ಬ್ಯಾಡ," ಎಂದೆ. "ಈ ವರ್ಷ ಹಪ್ಪಳ ಇಲ್ಲೆ ನಿಂಗೆ."

"ಎಂತಕ್ಕೆ?"

"ಕೊಟ್ಟಾಯ್ತಲೆ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಸ್ಸು ನಿಲ್ಲುವವರೆಗೂ ನನ್ನ ಕೈ ಹಿಡಿದುಕೊಂಡೇ ಇದ್ದಳು. ಅವಳ ಕೈಯಲ್ಲೂ ಅದೇ ವಾಸನೆ.

ಮನೆಗೆ ಬಂದು ಸ್ನಾನ ಮಾಡಿ, ಬಕೆಟ್ಟಿಗೆ ನೀರು ಬಿಟ್ಟು, ಸೀರೆ ಎತ್ತಿದೆ. ಸೋಪು ಕೈಯಲ್ಲೇ ಇತ್ತು. ಆಮೇಲೆ ಸೋಪನ್ನು ಕೆಳಗಿಟ್ಟು, ಸೀರೆಯನ್ನು ಹಿತ್ತಲ ಬಿಸಿಲಲ್ಲಿ ಹಾಗೇ ಒಣಗಲು ಹಾಕಿದೆ. ಸಂಜೆ ಮನೆಯವರು ದೇವಸ್ಥಾನದಿಂದ ಬಂದವರೇ, "ಎಂತ ವಾಸ್ನಿ ಇದ್?" ಎಂದರು. "ನಾಯಿದ್ದ್," ಎಂದೆ.

ಈಗ ಆ ಸೀರೆ ನಾಲ್ಕು ಮಡಿಕೆಯಾಗಿ, ಅಂಚು ಹೊಲಿಸಿಕೊಂಡು, ಮಿಷನ್ನಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿದೆ. ಹೆಸರಿಡುವ ಶಾಸ್ತ್ರ ಬರುವ ತಿಂಗಳು. ನಾಯಿ ಅವಳ ಮನೆಗೇ ಬರುತ್ತದೆ, ನಾನು ಕೊಟ್ಟ ಮಾತಿಗೆ ತಪ್ಪುವವಳಲ್ಲ. ಹಾಸನ್ನು ನಮ್ಮ ಜಗಲಿಯ ಮೂಲೆಯಲ್ಲಿ ಹಾಕಿಡುತ್ತೇನೆ. ಬೇಲಿಯ ಕಂಡಿ ಹೇಗೂ ಅಲ್ಲೇ ಇದೆ.