ಗೋಡೆಯ ಕಡೆ ಮುಖ ಮಾಡಿ ಕೇಳುವ ಫುಪ್ಪು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಫುಪ್ಪು ಕೂರುತ್ತಿದ್ದ ಕುರ್ಚಿ ಬೆತ್ತದ್ದೆಂದು ನನ್ನ ನೆನಪು. ಅಮ್ಮಿ ಅದು ಕಬ್ಬಿಣದ ತಿರುಗುಕುರ್ಚಿ ಎನ್ನುತ್ತಾಳೆ. ಆದರೆ ಆ ಕುರ್ಚಿಯ ಬೆನ್ನು ಸದಾ ಓದುವವರ ಕಡೆಗಿತ್ತು ಎನ್ನುವುದರಲ್ಲಿ ನಮ್ಮಿಬ್ಬರಿಗೂ ಅನುಮಾನವಿಲ್ಲ. ಯಾರದಾದರೂ ಸ್ವರವನ್ನು ಪರೀಕ್ಷಿಸುವಾಗ ಫುಪ್ಪು ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ತಪ್ಪು ಕಿವಿಗೆ ಬಿದ್ದ ಕೂಡಲೇ ಬಲಗೈಯ ತೋರುಬೆರಳು ಮೇಲೇಳುತ್ತಿತ್ತು. ಮನೆಯಲ್ಲೂ ಹಾಗೆಯೇ. ನಾನು ಶಾಲೆಯ ಪದ್ಯ ಒಪ್ಪಿಸುವಾಗ ನನಗೆ ಕಾಣುತ್ತಿದ್ದುದು ಅವರ ಜಡೆ ಮತ್ತು ಆಗಾಗ ಏಳುವ ಆ ಬೆರಳು.

ಫುಪ್ಪು ಎಂದರೆ ನನ್ನ ಅಬ್ಬಾನ ಅಕ್ಕ, ಖುರ್ಷಿದಾ. ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರಲ್ಲಿ ನಡೆಯುತ್ತಿದ್ದ ರೇಡಿಯೊ ನಿಲಯದಲ್ಲಿ ವಾರ್ತೆ ಓದುವವರಾಗಿ ಸೇರಿ ಅಲ್ಲಿಯ ಕಾರ್ಯಕ್ರಮಗಳ ಮುಖ್ಯಸ್ಥೆಯಾದವರು. ಆ ನಿಲಯ ಸರ್ಕಾರದ್ದಲ್ಲ, ಯಾವ ಸೇಠನದ್ದೂ ಅಲ್ಲ. ಕೇಳುಗರೇ ವಂತಿಗೆ ಹಾಕಿ ನಡೆಸುವ, ಜಾಹೀರಾತಿಲ್ಲದ ನಿಲಯ. ಅಲ್ಲಿ ಕೆಲಸ ಕೇಳಿ ಬಂದವರು ಹೆಸರು ಹೇಳುವಂತಿರಲಿಲ್ಲ. ಒಂದು ನಂಬರಿನ ಚೀಟಿ ಹಿಡಿದು ಸ್ಟುಡಿಯೊಗೆ ಹೋಗಿ ಓದಬೇಕು, ಆಯ್ಕೆ ಮಾಡುವವರು ಗಾಜಿನಾಚೆ ಬೆನ್ನು ತಿರುಗಿಸಿ ಕೂತು ಕೇಳಬೇಕು. ಈ ಪದ್ಧತಿಯ ಬಗ್ಗೆ ಫುಪ್ಪುವಿಗೆ ಬಹಳ ಅಭಿಮಾನ. "ನನ್ನ ಮುಖ ನೋಡಿದ್ದರೆ, ಹೆಸರು ಕೇಳಿದ್ದರೆ, ಕನ್ನಡ ವಾರ್ತೆಗೆ ಇವಳೇಕೆ ಎನ್ನುತ್ತಿದ್ದರು. ನಾನು ಈ ಬಾಗಿಲಿನೊಳಗೆ ಬಂದದ್ದು ಬರೀ ನಂಬರಾಗಿ" ಎನ್ನುತ್ತಿದ್ದರು. ಅದು ನಿಜ. ಅವರ ಬಗ್ಗೆ ಏನು ಬರೆಯಹೊರಟರೂ ಈ ನಿಜ ನನ್ನ ಕೈ ಹಿಡಿದು ನಿಲ್ಲಿಸುತ್ತದೆ.

ಅವರು ಮಾತಾಡಿದರೆ ಅಚ್ಚಾದ ಪುಟ ಓದಿದಂತಿರುತ್ತಿತ್ತು. ನಮ್ಮದು ಆಗ ಶಿವಾಜಿನಗರದ ಗಲ್ಲಿಯ ಮನೆ, ಮನೆಮಾತು ದಖನಿ. ಫುಪ್ಪು ಓದುವ ವಯಸ್ಸಿನಲ್ಲೇ ದಖನಿಯನ್ನು ನಾಲಿಗೆಯಿಂದ ಕೆರೆದು ಹಾಕಿದರಂತೆ. ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿಕೊಂಡು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಪೆನ್ಸಿಲ್ ತೆಗೆದು ಮತ್ತೆ ಅದನ್ನೇ ಓದುವುದು. ಕೆಲಸ ಸಿಕ್ಕ ಮೇಲೆ ಹೆತ್ತ ತಾಯಿಯ ಹತ್ತಿರವೂ ಕನ್ನಡದಲ್ಲೇ ಮಾತು. ಆ ತಾಯಿಗೆ, ಅಂದರೆ ನನ್ನ ದಾದಿಗೆ, ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. "ಕ್ಯಾ ಬೋಲ್ರಿ ಉನೆ?" ಎಂದು ಮಗನ ಮುಖ ನೋಡುತ್ತಿದ್ದಳು, ಏನು ಹೇಳ್ತಿದಾಳೆ ಇವಳು ಅಂತ. ಅಬ್ಬಾ ದಖನಿಯಲ್ಲಿ ಹೇಳುತ್ತಿದ್ದರು. ಫುಪ್ಪು "ಈ ಸಾರಿಗೆ ಉಪ್ಪೂ ಇಲ್ಲ, ಹುಳಿಯೂ ಇಲ್ಲ, ಇದನ್ನು ಏಕೆ ಮಾಡಿದಿರಿ?" ಎಂದರೆ ಅಬ್ಬಾನ ಬಾಯಲ್ಲಿ ಅದು "ಅಮ್ಮಾ, ಇನ್ನೊಂಚೂರು ಉಪ್ಪು ಬೇಕಂತೆ" ಎಂದಾಗುತ್ತಿತ್ತು. ದಾದಿ ನಗುತ್ತಾ ಉಪ್ಪಿನ ಡಬ್ಬಿ ತರುತ್ತಿದ್ದಳು.

ದಾದಿ ತೀರಿಕೊಂಡ ದಿನ ಹಲಸೂರಿನಿಂದ ಫುಪ್ಪುವಿಗೆ ಹಿಂದೆ ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಬಂದಿದ್ದರು. ಮೆಟ್ಟಿಲು ಹತ್ತಿ ಏದುಸಿರಾಗಿತ್ತು. ಕೈ ಜೋಡಿಸಿ, "ಹಾರ್ದಿಕ ಸಂತಾಪ ತಾಯಿ" ಎಂದರು. ಫುಪ್ಪುವಿನ ಕಣ್ಣು ಕೆಂಪಗಿದ್ದವು, ಅಷ್ಟು ನೋಡಿದ ನೆನಪಿದೆ. "ಹಾರ್ದಿಕ ಎನ್ನುವುದು ಅಭಿನಂದನೆಗೆ ಮೇಷ್ಟ್ರೇ. ತಾಯಿ ಸತ್ತದ್ದಕ್ಕೆ ನನ್ನನ್ನು ಅಭಿನಂದಿಸುತ್ತಿದ್ದೀರಾ?" ಎಂದರು. ಮೇಷ್ಟ್ರು ಚಹಾ ಕುಡಿಯದೆ ಹೋದರು. ಮುಂದೆ ಕನ್ನಡ ಎಂ.ಎ.ಗೆ ಸೇರಿದಾಗ ನಾನು ಮೊದಲು ತೆಗೆದ ನಿಘಂಟಿನಲ್ಲಿ ಈ ಪದ ನೋಡಿದೆ. ಹೃದಯದಿಂದ ಬಂದದ್ದು, ಅಷ್ಟೇ ಅರ್ಥ. ಮೇಷ್ಟ್ರು ತಪ್ಪೇ ಮಾಡಿರಲಿಲ್ಲ. ಫುಪ್ಪುವಿಗೆ ಇದನ್ನು ತೋರಿಸಿದೆ. "ನಿಘಂಟಿಗೆ ಕಿವಿ ಇರುವುದಿಲ್ಲ" ಎಂದು ಪುಸ್ತಕ ಮುಚ್ಚಿ ಕೊಟ್ಟರು.

ಅಬ್ಬಾನದೂ ರೇಡಿಯೊ ಕೆಲಸವೇ, ಆದರೆ ಇಂದಿರಾನಗರದ ಕಮರ್ಷಿಯಲ್ ಸ್ಟೇಷನ್ನಿನಲ್ಲಿ. ಅಲ್ಲಿ ಅವರ ಹೆಸರು ಅನ್ವರ್ ಅಲ್ಲ, ಶಿವಾಜಿನಗರ ಬಾಬು. ಮಧ್ಯಾಹ್ನದ ಊಟದ ಹೊತ್ತಿಗೆ ಆಟೊಗಳಲ್ಲಿ, ಮಟನ್ ಅಂಗಡಿಗಳಲ್ಲಿ, ಗ್ಯಾರೇಜುಗಳಲ್ಲಿ ಅವರ ಸ್ವರ ಏಳುತ್ತಿತ್ತು. "ಏನ್ ಗುರು, ಊಟ ಆಯ್ತಾ? ಸಾಪ್ಟಾಚಾ? ಪೀಸ್ ಸಿಕ್ತಾ, ಇಲ್ಲ ಇವತ್ತೂ ಬರೀ ಕುಷ್ಕಾನಾ?" ಕನ್ನಡ, ದಖನಿ, ತಮಿಳು ಮೂರನ್ನೂ ಒಂದೇ ತಟ್ಟೆಯಲ್ಲಿ ಕಲಸಿ ಬಡಿಸುವ ಮಾತು. ಫುಪ್ಪು ಆ ಸ್ಟೇಷನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಅನ್ವರ್ ಅಂಗಡಿಗೆ ಹೋಗಿದ್ದಾನೆಯೇ?" ಎಂದು ಕೇಳುತ್ತಿದ್ದರು.

ಆ ಅಂಗಡಿಯನ್ನು ಅವರೇ ಕೊಳ್ಳುವ ಕಾಲ ಬಂತು. ಜಾಹೀರಾತು ಕಡಿಮೆಯಾಗಿ ಕಮರ್ಷಿಯಲ್ ಸ್ಟೇಷನ್ನುಗಳು ಒಂದೊಂದಾಗಿ ಮಾರಾಟಕ್ಕೆ ನಿಂತಿದ್ದವು. ಫುಪ್ಪುವಿನ ನಿಲಯಕ್ಕೆ ಮಾತ್ರ ದೊಡ್ಡ ದಾನಿಗಳು ಸಿಕ್ಕಿದ್ದರು. ಮೊದಲು ಕೆ.ಆರ್. ಪುರಂ ಕಡೆಯ ಒಂದು ಸ್ಟೇಷನ್, ಆಮೇಲೆ ಇಂದಿರಾನಗರದ್ದು. ಒಳ್ಳೆಯ ಮಾತು, ಒಳ್ಳೆಯ ಸಂಗೀತ ಊರಿನ ಮೂಲೆ ಮೂಲೆಗೂ ಮುಟ್ಟಲಿ ಎನ್ನುವುದು ಉದ್ದೇಶ. ವಿಶ್ವವಿದ್ಯಾಲಯದ ನನ್ನ ಗೆಳತಿಯರೆಲ್ಲ ಸಂಭ್ರಮಪಟ್ಟರು. ನಾನೂ ಪಟ್ಟಿದ್ದೆನೋ ಏನೋ, ಈಗ ಖಚಿತವಾಗಿ ಹೇಳಲಾರೆ.

ಕೊಂಡ ಮೇಲೆ ಫುಪ್ಪು ಇಂದಿರಾನಗರಕ್ಕೆ ಹೋಗಿ ಎಲ್ಲರನ್ನೂ ಕೂರಿಸಿ ಮಾತಾಡಿದರು. ಎರಡನೆಯ ಸಾಲಿನಲ್ಲಿ ಕೂತಿದ್ದ ಅಬ್ಬಾ ಮನೆಗೆ ಬಂದು ಆ ಮಾತನ್ನು ಅವರದೇ ಧಾಟಿಯಲ್ಲಿ ಹೇಳಿ ತೋರಿಸಿದರು. "ನಾವು ಅಂಗಡಿಯನ್ನು ಕೊಂಡಿದ್ದೇವೆ. ಒಳಗಿನ ಸಾಮಾನನ್ನಲ್ಲ." ಉಳಿಯಬೇಕೆನ್ನುವವರು ನಿಲಯದ ಪದ್ಧತಿಯಂತೆ ನಂಬರು ಹಿಡಿದು ಓದಬೇಕು. ಪಾಸಾದವರಿಗೆ ಕೆಲಸ, ಉಳಿದವರಿಗೆ ಮನೆ.

ಅಬ್ಬಾನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಕೂದಲು ಬೆಳ್ಳಗಾಗಿತ್ತು, ರಾಮಮೂರ್ತಿ ನಗರದ ಬಾಡಿಗೆ ಮನೆ ನಡೆಯುತ್ತಿದ್ದುದು ಅವರ ಸಂಬಳದಿಂದ. ಆ ವಾರವೆಲ್ಲ ತಾರಸಿಯ ಮೇಲೆ ಪೆನ್ಸಿಲ್ ಕಚ್ಚಿಕೊಂಡು ಪತ್ರಿಕೆ ಓದಿದರು. ಫುಪ್ಪುವಿನಂತೆಯೇ ಓದುತ್ತಿದ್ದರು, ವಾಕ್ಯದ ಕೊನೆಯಲ್ಲಿ ಅದೇ ಸಣ್ಣ ಇಳಿತ, ಹೆಸರುಗಳ ಮೊದಲು ಅದೇ ತಡೆ. ಬಟ್ಟೆ ಒಣಗಿಸಲು ಹೋದ ಅಮ್ಮಿ ಬೆಚ್ಚಿ, "ಖುರ್ಷಿದಾ ಯಾವಾಗ ಬಂದ್ರು?" ಎಂದು ಕೇಳಿದ್ದಳು.

"ನಿಮ್ಮ ಥರಾನೇ ಓದಿ ಅಬ್ಬಾ" ಎಂದೆ.

ಅವರು ಉತ್ತರ ಕೊಟ್ಟದ್ದು ದಖನಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆ ಮಟ್ಟಿಗೆ ಇದೂ ನನ್ನದೇ ಮಾತು. "ನಕ್ಕೊ ಬೇಟಾ, ಬೇಡ. ನನ್ನ ಥರ ಓದಿದ್ರೆ ಆಪಾಗೆ, ನಿನ್ನ ಫುಪ್ಪುಗೆ, ಮೊದಲನೇ ಸಾಲಲ್ಲೇ ಗೊತ್ತಾಗ್ಬಿಡುತ್ತೆ. ತಗೊಂಡ್ರೆ ತಮ್ಮನ್ನ ತಗೊಂಡ್ಳು ಅಂತಾರೆ. ಬಿಟ್ರೆ ತಮ್ಮನ್ನೇ ಬಿಟ್ಳು ಅಂತಾರೆ. ಅವಳನ್ಯಾಕೆ ಇಕ್ಕಟ್ಟಿಗೆ ಸಿಕ್ಕಿಸ್ಲಿ?" ಆಮೇಲೆ ಪೆನ್ಸಿಲನ್ನು ಅಂಗಿಗೆ ಒರೆಸಿಕೊಳ್ಳುತ್ತಾ, "ಅಲ್ಲದೆ ಆ ನಿಲಯಕ್ಕೆ ಹಿಡಿಸೋದು ಒಂದೇ ಸ್ವರ. ಅದನ್ನ ಕೇಳ್ಕೊಂಡೇ ಅಲ್ವಾ ನಾನು ಬೆಳ್ದಿದ್ದು?" ಎಂದರು.

ಪರೀಕ್ಷೆಯ ದಿನ ಅಬ್ಬಾನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದದ್ದು ನಾನು. ಬಂಗಲೆಯ ಓಣಿಯಂಥ ಹಜಾರದಲ್ಲಿ ಉದ್ದದ ಬೆಂಚು, ಅದರ ಮೇಲೆ ಗೋಡೆಗೆ ಒಂದು ಸ್ಪೀಕರ್. ಸ್ಟುಡಿಯೊದಲ್ಲಿ ಓದುವುದೂ, ಗಾಜಿನಾಚೆಯಿಂದ ಓದುವವರಿಗೆ ಹೇಳುವುದೂ ಎಲ್ಲ ಅದರಲ್ಲಿ ಕೇಳುತ್ತಿತ್ತು. ಕಾಯುವವರು ಕೇಳಿ ಕಲಿಯಲಿ ಎಂದು ಫುಪ್ಪು ಮಾಡಿಸಿದ ಏರ್ಪಾಡು. ಒಬ್ಬಳು ಹುಡುಗಿಗೆ ಅವರು ಅಲ್ಲಿಂದಲೇ, "ಬಾಯಲ್ಲಿ ಬೋಂಡಾ ಇದ್ದರೆ ನುಂಗಿ ಬನ್ನಿ, ಕಾಯುತ್ತೇವೆ" ಎಂದರು. ಬೆಂಚಿನ ಮೇಲಿದ್ದವರು ನಕ್ಕರು. ಹುಡುಗಿ ಹೊರಗೆ ಬಂದಾಗ ಯಾರೂ ಅವಳ ಮುಖ ನೋಡಲಿಲ್ಲ.

ಅಬ್ಬಾನದು ನಾಲ್ಕನೆಯ ನಂಬರು. ಸ್ಪೀಕರಿನಲ್ಲಿ ಅವರ ಓದು ಶುರುವಾದಾಗ ಬೆಂಚಿನವರು ಒಬ್ಬರನ್ನೊಬ್ಬರು ನೋಡಿದರು. ಬಾಬುವಿನ ಗಂಟಲಿನಿಂದ ಇಂಥ ಕನ್ನಡ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ತಪ್ಪಿಲ್ಲ, ತಡವರಿಕೆಯಿಲ್ಲ. ನನಗೆ ಧೈರ್ಯ ಬಂತು. ಆಗ ಗಂಟೆಯ ಸದ್ದು, ಅದರ ಹಿಂದೆಯೇ ಫುಪ್ಪುವಿನ ಸ್ವರ.

"ನಾಲ್ಕನೆಯವರು ನಿಲ್ಲಿಸಿ. ಇದು ನಿಮ್ಮ ಸ್ವರವಲ್ಲ, ಯಾರದೋ ಎಂಜಲು. ಎಂಜಲು ಬಡಿಸುವುದಕ್ಕೆ ನಮ್ಮ ಕೇಳುಗರು ವಂತಿಗೆ ಕೊಡುವುದಿಲ್ಲ. ಮುಂದಿನವರು."

ನಾನು ಕೇಳಿದ್ದು ಇದು. ಅಂದು ಸಂಜೆ ಮನೆಯಲ್ಲಿ ನಾನು "ಎಂಜಲು" ಎನ್ನದೆ "ನಕಲು" ಎಂದು ಹೇಳಿದ್ದೆ ಎನ್ನುತ್ತಾಳೆ ಅಮ್ಮಿ. ಅಬ್ಬಾ ಅಂತೂ ಅಕ್ಕ ಏನೂ ಹೇಳಲೇ ಇಲ್ಲ, ಬರೀ ಗಂಟೆ ಬಾರಿಸಿದಳು ಎಂದೇ ಇಂದಿಗೂ ಸಾಧಿಸುತ್ತಾರೆ. ದಾದಿಗೆ ಉಪ್ಪಿನ ಮಾತು ತಲುಪಿಸಿದವರ ಸಾಕ್ಷಿ ಇದು, ಎಷ್ಟು ನಂಬಲಿ?

ಹೊರಗೆ ಬಂದ ಅಬ್ಬಾನನ್ನು ನೋಡಿ ಅವರ ಸ್ಟೇಷನ್ನಿನ ಸತೀಶ ಎನ್ನುವವನು, "ಏನ್ ಬಾಬುಭಾಯ್, ಎಂಜಲಂತೆ? ಬಿರಿಯಾನಿ ತಿಂದು ಕೈ ತೊಳೀದೆ ಬಂದ್ರಾ?" ಎಂದ. ಬೆಂಚಿಗೆ ಬೆಂಚೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಬ್ಬಾ. ಹಲಸೂರು ಕೆರೆ ದಾಟುವವರೆಗೂ ಸ್ಕೂಟರಿನ ಹಿಂದೆ ಕೂತು ನಗುತ್ತಲೇ ಇದ್ದರು. ಆಮೇಲೆ ಹಣೆಯನ್ನು ನನ್ನ ಬೆನ್ನಿಗೆ ಒತ್ತಿಕೊಂಡರು.

ಅಬ್ಬಾನ ಮಧ್ಯಾಹ್ನದ ಹೊತ್ತಿಗೆ ಫುಪ್ಪು ತಮ್ಮದೇ ವಾಚನ ಕಾರ್ಯಕ್ರಮ ಹಾಕಿದರು. ಶಿವಾಜಿನಗರದ ಆಟೊದವರು ಕೆಲವು ದಿನ ಕೇಳಿ ಬೇರೆ ಸ್ಟೇಷನ್ ಹುಡುಕಿಕೊಂಡರು. ಆಯ್ಕೆಯಾಗದವರ ಪಟ್ಟಿಯಲ್ಲಿ ತಮ್ಮನ ಹೆಸರು ನೋಡಿದ ಮೇಲೂ ಫುಪ್ಪು ನಮ್ಮ ಮನೆಗೆ ಬಂದರು. ಆ ವಿಷಯ ಎತ್ತಲಿಲ್ಲ. ಈದಿಗೆ ಅಬ್ಬಾನಿಗೆ ಒಳ್ಳೆಯ ಶರ್ಟು ತಂದರು. ಅಬ್ಬಾ ಅದನ್ನು ಹಾಕಿಕೊಂಡೇ ಕೂತು ಊಟ ಮಾಡಿದರು.

ಈಗ ಅಬ್ಬಾ ತಳ್ಳುಗಾಡಿ, ಟೆಂಪೊಗಳ ಲೌಡ್‌ಸ್ಪೀಕರಿಗೆ ಕೂಗು ರೆಕಾರ್ಡು ಮಾಡಿಕೊಡುತ್ತಾರೆ. ಬೆಳ್ಳುಳ್ಳಿ, ಹಳೆ ಕಬ್ಬಿಣ, ಪ್ಲಾಸ್ಟಿಕ್ ಕುರ್ಚಿ. ಬೈಯಪ್ಪನಹಳ್ಳಿ ಮೆಟ್ರೊ ಇಳಿದು ನಡೆಯುವಾಗ ನನ್ನ ತಂದೆ ಯಾವುದೋ ತಿರುವಿನ ಸ್ಪೀಕರಿನಲ್ಲಿ ಈರುಳ್ಳಿ ಮಾರುತ್ತಿರುತ್ತಾರೆ, ನಾನು ತಲೆ ತಗ್ಗಿಸಿಕೊಂಡು ದಾಟುತ್ತೇನೆ.

ಫುಪ್ಪುವನ್ನು ಕೊನೆಯ ಸಲ ನೋಡಿದ್ದು ಅವರು ನಿವೃತ್ತರಾದ ಮೇಲೆ, ಫ್ರೇಜರ್ ಟೌನಿನ ಅವರ ಮನೆಯಲ್ಲಿ. ನಿಲಯ ಇನ್ನೂ ಒಂದು ಸ್ಟೇಷನ್ ಕೊಂಡ ಸುದ್ದಿಯನ್ನು ಹೇಳುತ್ತಾ ಚಹಾ ಬಸಿಯುತ್ತಿದ್ದರು. ಕೆಳಗೆ ಬೀದಿಯಲ್ಲಿ ಬೆಳ್ಳುಳ್ಳಿಯ ಟೆಂಪೊ ಬಂತು. "ಬನ್ನಿ ಅಕ್ಕಾ, ಬನ್ನಿ ಆಪಾ, ವಾಂಗಮ್ಮಾ, ಗಂಡನ್ನ ಬೈಯೋಕೆ ಮುಂಚೆ ಬೆಳ್ಳುಳ್ಳಿ ತಗೊಳ್ಳಿ!" ಫುಪ್ಪು ಕೈ ನಿಲ್ಲಿಸಿದರು. ಕಣ್ಣು ಮುಚ್ಚಿದರು. ಟೆಂಪೊ ತಿರುವು ದಾಟುವವರೆಗೂ ಹಾಗೇ ಇದ್ದು, "ಈ ಮನುಷ್ಯನಿಗೆ ತನ್ನದೇ ಸ್ವರವಿದೆ. ಇಂಥವನೊಬ್ಬನನ್ನೂ ಯಾರೂ ನನ್ನ ಹತ್ತಿರ ಕಳಿಸಲಿಲ್ಲ" ಎಂದರು.

ಹಾಗೆಂದಾಗ ಅವರ ತುಟಿ ನಡುಗಿತೆಂದು ಒಮ್ಮೆ ಅನ್ನಿಸುತ್ತದೆ. ನಕ್ಕರೆಂದು ಇನ್ನೊಮ್ಮೆ. ನೆನಪು ನನ್ನ ಮುನಿಸಿಗೆ ತಕ್ಕಂತೆ ಅವರ ಮುಖವನ್ನು ತಿದ್ದುತ್ತಿದೆ. ಆದರೆ ಆವತ್ತೇ, ಚಹಾ ಮುಗಿದ ಮೇಲೆ, ಅವರನ್ನು ಒಂದು ಪ್ರಶ್ನೆ ಕೇಳಿಬಿಟ್ಟೆ. ಅವರು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು, ಬಹಳ ಹೊತ್ತು ನಲ್ಲಿ ಓಡಿತು, ಹೊರಗೆ ಬಂದು ನನ್ನ ಆಫೀಸಿನ ಬಗ್ಗೆ ವಿಚಾರಿಸಿದರು. ಮನೆಗೆ ಬಂದು ಅದನ್ನೇ ಮೆಸೇಜು ಮಾಡಿದೆ. ಓದಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.

"ಫುಪ್ಪು, ಆವತ್ತು ನಾಲ್ಕನೆಯವರು ಓದಿದಾಗ, ಯಾರ ಎಂಜಲು ಅಂತ ಗೊತ್ತಾಗಿತ್ತು ನಿಮಗೆ?"