ಒಂದು ಮೊಳ ಕೆಳಗೆ ಸಿಕ್ಕ ಕಲ್ಲಿನ ಪದರ

“ಅಣ್ಣಾ, ಮಟ್ಟ ಹಿಡಿಯೋದ್ರಲ್ಲಿ ನೀವೆಲ್ಲೋ ತಪ್ಪಿದ್ದೀರಿ,” ಎಂದು ಭೂಮಿಯ ಸಂಶೋಧನೆಗೆ ಬಂದಿದ್ದ ಮೇಡಂ ಹೇಳಿದಾಗ ನನ್ನ ಮೈ ಉರಿಯಿತು.

ಚೀಕಲಪರ್ವಿ ಹತ್ತಿರ, ಈಗಿನ ಹೊಳೆಗಿಂತ ಎತ್ತರದಲ್ಲಿರುವ ಹಳೆಯ ದಂಡೆಯಲ್ಲಿ ಅವರಿಗಾಗಿ ಎರಡು ಗುಂಡಿ ತೋಡಿದ್ದೆ. ಹೊಳೆ ಯಾವ ಕಾಲದಲ್ಲೋ ಹಾಸಿಹೋದ ಗುಂಡುಗಲ್ಲಿನ ಪದರ ಎರಡರಲ್ಲೂ ಒಂದೇ ಮಟ್ಟಕ್ಕೆ ಸಿಗಬೇಕಿತ್ತು. ಎರಡನೆಯದರಲ್ಲಿ ಒಂದು ಮೊಳ ಕೆಳಗೆ ಸಿಕ್ಕಿತು.

ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ಗೌಂಡಿ, ಮನೆ ಕಟ್ಟುವವನು. ಆದರೆ ನಾನು ಹಿಡಿದ ಪಾಯದ ಮಟ್ಟಕ್ಕೆ ಮಾನ್ವಿಯಲ್ಲಿ ಇದುವರೆಗೆ ಯಾರೂ ತಪ್ಪು ಎತ್ತಿ ತೋರಿಸಿಲ್ಲ. “ಪೈಪಿನ್ಯಾಗ ನೀರು ತುಂಬಿ ಮಟ್ಟ ನೋಡೀನ್ರಿ. ನೀರು ಸುಳ್ಳು ಹೇಳ್ತದೇನ್ರಿ?” ಎಂದವನೇ, ಸಿಟ್ಟಿನಲ್ಲಿ ಒಂದು ಗುಂಡಿಯಿಂದ ಇನ್ನೊಂದರವರೆಗೂ ಅಗೆದೆ. ನಡುವೆ ಆ ಪದರ ಕುಡುಗೋಲಿನಿಂದ ಕೊಯ್ದಂತೆ ತುಂಡಾಗಿ, ಒಂದು ಮೊಳ ಕೆಳಗಿನಿಂದ ಮುಂದುವರಿದಿತ್ತು.

ಮೇಡಂ ಇಳಿದು ಬಂದು ಆ ಸೀಳಿನ ಮೇಲೆ ಕೈಯಾಡಿಸಿದರು. “ನಿಮ್ಮ ಮಟ್ಟ ತಪ್ಪಿಲ್ಲ ಅಣ್ಣಾ. ಇಲ್ಲಿ ನೆಲಾನೇ ಜಾರಿದೆ.” ಕಲ್ಲುಗಳು ಹೂತುಹೋಗಿ ಎಷ್ಟು ಸಾವಿರ ವರ್ಷವಾಯಿತೆಂದು ಪರೀಕ್ಷೆಯಲ್ಲಿ ತಿಳಿದರೆ, ನೆಲ ಎಷ್ಟು ನಿಧಾನವಾಗಿ ಜಾರುತ್ತದೆ ಎಂಬುದನ್ನು ನನ್ನ ಈ ಒಂದು ಮೊಳದಿಂದಲೇ ಹೇಳಬಹುದಂತೆ.

“ಹಂಗಾದ್ರ ನಾ ಕಟ್ಟಿದ ಮನಿಗಳ ಗತಿ ಏನ್ರಿ?” ಎಂದೆ. “ಇನ್ನೂ ನೂರು ತಲೆಮಾರು ಇದ್ರೂ ಗೊತ್ತಾಗಲ್ಲ ಬಿಡಿ,” ಎಂದು ನಕ್ಕರು.

ಗೋಡೆ ಮಟ್ಟ ತಪ್ಪಿದರೆ ಇಷ್ಟು ವರ್ಷ ನಾನು ಆಳುಗಳನ್ನು ಬೈಯುತ್ತಿದ್ದೆ. ಈಗ ಬೈಯುವ ಮೊದಲು ಒಂದು ಸಲ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತೇನೆ.