ಕಿನ್ನಿಯಕ್ಕನ ಗಿಂಡಿ ನೀರು

ನಮ್ಮ ಎಣ್ಮಕಜೆಯಲ್ಲಿ ಕಿನ್ನಿಯಕ್ಕನ ಅಂಗಳಕ್ಕೆ ಹೋದವರು ಬೆಲ್ಲ ನೀರು ಕುಡಿಯದೆ ವಾಪಸ್ ಬಂದದ್ದಿಲ್ಲ. ಮೀಟರ್ ನೋಡುವವನಾಗಲಿ, ಓಟು ಕೇಳಲಿಕ್ಕೆ ಬಂದವನಾಗಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಗಿಂಡಿ ನೀರು. ಗೇರು ತೋಟದಲ್ಲಿ ಬೀಜ ಹೆಕ್ಕಿ ಬದುಕಿದ ಹೆಂಗಸು. ಗಂಡ ಬೋಜ ತೀರಿದ ಮೇಲೆ ಒಬ್ಬನೇ ಮಗ ಪ್ರವೀತ್‌ನನ್ನು ಸಾಕಿದ್ದೂ ಅದರಲ್ಲೇ. "ಹೀಗೆ ಬೆಲ್ಲ ಹಂಚಿದರೆ ನಿನಗೆಂತ ಉಳೀತದೆ ಮಾರಾಯ್ತಿ?" ಅಂತ ಪಕ್ಕದ ಮನೆಯವಳು ನಾನು ಬೈದದ್ದೇ ಬೈದದ್ದು. ಮಗ ಮಿಲಿಟ್ರಿ ಸೇರಿದ ಮೇಲೆ ಅವಳಿಗೊಂದು ಉತ್ತರ ಸಿಕ್ಕಿತು. "ನಾನು ಇಲ್ಲಿ ಕೊಟ್ಟರೆ ಅವನಿಗೆ ಅಲ್ಲಿ ಯಾರಾದರೂ ಕೊಡ್ತಾರೆ."

ಆ ಪ್ರವೀತ್ ಗಡಿಯಲ್ಲಿ ಹಿಮ ಕುಸಿದು ಸತ್ತ. ಪೆಟ್ಟಿಗೆ ಬಂತು. ಮೇಲೆ ಬಾವುಟ, ಅದರ ಮೇಲೆ ಅವನ ಟೊಪ್ಪಿ. ಅದರೊಟ್ಟಿಗೆ ಅಲ್ಲಿಂದಲೇ ಬಂದವ ಅವನದೇ ಪ್ರಾಯದ ಒಬ್ಬ ಜವಾನ, ನಮ್ಮ ಒಂದು ಮಾತೂ ಬಾರದವ. ಮಗನ ಪೆಟ್ಟಿಗೆ ಅಂಗಳದಲ್ಲಿ ಇರುವಾಗ ಈ ಹೆಂಗಸು ಒಳಗೆ ಹೋಗಿ ಆ ಜವಾನನಿಗೆ ಬೆಲ್ಲ ನೀರು ತಂದು ಕೊಟ್ಟಳು! ನನಗೆ ಸಿಟ್ಟೂ ಬಂತು, ಕರುಳೂ ಕಿತ್ತು ಬಂತು.

ಅವಳು ಅಳಲಿಲ್ಲ. ಕೇಳಿದ್ದು ಒಂದೇ, ಮಗನ ಬಾಯಿಗೆ ನೀರು ಬಿಡಬೇಕು. ಕೊನೆಯ ನೀರು ಸಿಗದ ಜೀವ ಬಾಯಾರಿ ತಿರುಗ್ತದೆ ಅಂತ ನಮ್ಮಲ್ಲಿ. ಪೆಟ್ಟಿಗೆ ತೆಗೆಯುವ ಹಾಗಿಲ್ಲ ಅಂದರು ಜೊತೆಗೆ ಬಂದ ಆಫೀಸರು. "ಹೆತ್ತವಳಿಗೆ ಮುಖ ತೋರಿಸಲಿಕ್ಕೂ ಆರ್ಡರ್ ಬೇಕಾ?" ಅಂತ ನಾನು ಜಗಳಕ್ಕೇ ನಿಂತೆ. ಅವರು ತಲೆ ತಗ್ಗಿಸಿ, "ಮುಖ ನೋಡುವ ಹಾಗೆ ಉಳಿದಿಲ್ಲ ಅಮ್ಮ," ಅಂದರು.

ಕ್ರಿಯೆ ಮಾಡಿಸುವ ವಾಸಪ್ಪಣ್ಣ ದಾರಿ ತೋರಿಸಿದರು. ಬಾವುಟ ತೆಗೆದ ಮೇಲೆ, ಮುಖ ಇರುವ ಕಡೆ ಮುಚ್ಚಳದ ಮೇಲೆ ಬಿಟ್ಟರಾಯಿತು. ಕಿನ್ನಿಯಕ್ಕ ಗಿಂಡಿಯಲ್ಲಿ ತುಳಸಿ ನೀರು ಹಿಡಿದು ನಿಂತಳು.

ಹೂವಿನ ಚಕ್ರ ಇಟ್ಟರು, ಬ್ಯೂಗಲ್ ಊದಿದರು, ಆಕಾಶಕ್ಕೆ ಗುಂಡು ಹೊಡೆದರು. ಬಾವುಟ ಮಡಚಿ ಆ ಜವಾನ ಅವಳ ಎದುರು ಬಂದ. ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕಲ್ಲ, ಸ್ವಲ್ಪ ಹಿಡಿ ಅಂತ ಅವಳು ಗಿಂಡಿಯನ್ನು ಅವನ ಕಡೆ ಚಾಚಿದಳು. ಅವನಿಗೆ ಹೇಗೆ ಗೊತ್ತಾಗಬೇಕು? ಆಗಿನ ಬೆಲ್ಲ ನೀರಿನ ಹಾಗೆ ಕುಡಿಯಲಿಕ್ಕೆ ಕೊಟ್ಟದ್ದು ಅಂದುಕೊಂಡ. ತಾಯಿ ಕೊಟ್ಟದ್ದು ಬೇಡ ಅನ್ನುವುದು ಹೇಗೆ ಅಂತ ಬಾವುಟ ಅವಳ ಕೈಗಿಟ್ಟು, ಗಿಂಡಿ ಎತ್ತಿ ಗಟಗಟ ಕುಡಿದೇ ಬಿಟ್ಟ.

"ಅಯ್ಯೋ, ಅದು ಸತ್ತವನ ನೀರು! ಬದುಕಿದ್ದವ ಕುಡಿದರೆ ಅವನಿಗೂ ಸಾವು!" ವಾಸಪ್ಪಣ್ಣ ಬೊಬ್ಬೆ ಹಾಕಿದರು.

ಆಗ ಕಿನ್ನಿಯಕ್ಕ ಕಿರುಚಿದಳು. ಬಾವುಟ ನನ್ನ ಕೈಗೆ ತುರುಕಿ ಅವನ ಬೆನ್ನಿಗೆ ಗುದ್ದಿದಳು. "ಉಗುಳು ಮಗಾ, ಉಗುಳು!" ಅವ ನುಂಗಿ ಆಗಿತ್ತು. ಕಣ್ಣು ಕಣ್ಣು ಬಿಟ್ಟು ನೋಡಿದ. ಅವಳು ಒಳಗೆ ಓಡಿ ಬೆಲ್ಲದ ತುಂಡು ತಂದು ಅವನ ಬಾಯಿಗಿಟ್ಟಳು. "ಬೆಲ್ಲ ನೀರು ಇದು, ಬೇರೆ ಎಂತದ್ದೂ ಅಲ್ಲ. ನಿನಗೇ ಕೊಟ್ಟದ್ದು."

ವಾಸಪ್ಪಣ್ಣ ಗಿಂಡಿ ತುಂಬಿಸಿ ತಂದರು. "ಬಾ ಕಿನ್ನಿ, ನಿನ್ನ ಮಗನಿಗೆ ಬಿಡು."

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಈಗ ಪೆಟ್ಟಿಗೆಗೆ ನೀರು ಬಿಟ್ಟರೆ ಇವ ಕುಡಿದದ್ದೂ ಅದೇ ನೀರು ಅಂತ ಆಗ್ತದೆ ಅಣ್ಣ. ಇವನಿಗೂ ಒಬ್ಬಳು ತಾಯಿ ಇರಬಹುದು. ಬೇಡ."

"ಹಾಗಾದರೆ ಪ್ರವೀತ್‌ಗೆ?"

ಕಿನ್ನಿಯಕ್ಕ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ಸ್ವಲ್ಪ ತಡಕೋ ಮಗಾ," ಅಂದಳು. "ನಿನ್ನಲ್ಲಿಗೆ ಬರುವಾಗ ನೀರು ನಾನೇ ತರ್ತೇನೆ."